ಪುಂಟಾ ಅರೇನಸ್‌ನಲ್ಲಿ ಕಳೆಯುವ ಐದು ದಿನವೂ ಓಟದ ಲೆಕ್ಕಕ್ಕೇ ಸೇರುತ್ತದೆ

ಪ್ರಶ್ನೆ: ನನಗೆ 44 ವರ್ಷ. ಇದುವರೆಗೆ ಆರು ಮ್ಯಾರಥಾನ್ ಓಡಿದ್ದೇನೆ. ಈ ಡಿಸೆಂಬರ್‌ನಲ್ಲಿ ಅಂಟಾರ್ಕ್ಟಿಕಾದ ಯೂನಿಯನ್ ಗ್ಲೇಸಿಯರ್‌ನಲ್ಲಿ ನಡೆಯುವ ಐಸ್ ಮ್ಯಾರಥಾನ್‌ಗೆ ಹೆಸರು ಕೊಟ್ಟಿದ್ದೇನೆ. ಓಟದ ತಯಾರಿ ಚೆನ್ನಾಗಿ ನಡೆದಿದೆ. ಆದರೆ ಅಲ್ಲಿಗೆ ವಿಮಾನ ಹತ್ತಬೇಕಾದ ಚಿಲಿ ದೇಶದ ಪುಂಟಾ ಅರೇನಸ್ ಬಗ್ಗೆ ನನಗೆ ಏನೂ ಗೊತ್ತಿಲ್ಲ. ಎಷ್ಟು ದಿನ ಮೊದಲು ಹೋಗಬೇಕು? ಅಲ್ಲಿ ಏನು ಮಾಡಬೇಕು, ಏನು ಮಾಡಬಾರದು? ಹವಾಮಾನ ಕೆಟ್ಟರೆ ವಿಮಾನ ದಿನಗಟ್ಟಲೆ ತಡವಾಗುತ್ತದಂತೆ, ಅದು ಕೇಳಿ ಭಯವಾಗಿದೆ. ಒಬ್ಬಳೇ ಹೋಗುತ್ತಿದ್ದೇನೆ. ಸಸ್ಯಾಹಾರಿ.

ಉತ್ತರ: ನೀವು ಊರಿನ ಬಗ್ಗೆ ಕೇಳಿದ್ದು ನನಗೆ ತುಂಬಾ ಖುಷಿ ಕೊಟ್ಟಿತು. ಈ ಓಟಕ್ಕೆ ಹೋಗುವವರಲ್ಲಿ ಹೆಚ್ಚಿನವರು ಹಿಮದ ಬಗ್ಗೆ, ಬೂಟಿನ ಬಗ್ಗೆ, ಚಳಿಯ ಬಗ್ಗೆ ನೂರು ಪ್ರಶ್ನೆ ಕೇಳುತ್ತಾರೆ. ಪುಂಟಾ ಅರೇನಸ್ ಅಂದರೆ ಅವರಿಗೆ ಬಸ್ ಸ್ಟ್ಯಾಂಡ್ ಇದ್ದ ಹಾಗೆ, ಬಸ್ಸು ಬರುವ ತನಕ ಸುಮ್ನೆ ಕೂರುವ ಜಾಗ. ಆದರೆ ನಾನು ಕಂಡ ಹಾಗೆ, ಹಿಮದ ಮೇಲೆ ಕಷ್ಟಪಟ್ಟವರಲ್ಲಿ ಅರ್ಧ ಜನ ಈ ಊರಿನಲ್ಲೇ ಎಡವಿದವರು. ನಿದ್ದೆ ಸರಿಹೋಗದೆ, ಬ್ಯಾಗ್ ಬಾರದೆ, ಸಿಕ್ಕಿದ್ದೆಲ್ಲ ತಿಂದು ಹೊಟ್ಟೆ ಕೆಡಿಸಿಕೊಂಡು, ಇಲ್ಲವೇ ಕಾಯುವ ಚಡಪಡಿಕೆಗೆ ದಿನಾ ಹತ್ತು ಹದಿನೈದು ಕಿಲೋಮೀಟರ್ ಓಡಿ ಸುಸ್ತಾಗಿ.

ಎಷ್ಟು ದಿನ ಮೊದಲು ಅಂತ ಕೇಳಿದ್ದೀರಿ. ಅಂಟಾರ್ಕ್ಟಿಕಾ ವಿಮಾನಕ್ಕೆ ನಿಗದಿಯಾದ ದಿನಕ್ಕಿಂತ ಐದು ದಿನ ಮೊದಲು ಅಲ್ಲಿರಿ. ಆಯೋಜಕರು ಅದಕ್ಕಿಂತ ಕಡಿಮೆ ಹೇಳಬಹುದು. ಆದರೆ ಅವರು ಹೇಳುವುದು ಅವರ ಸಭೆಗೆ, ಸಾಮಾನು ತಪಾಸಣೆಗೆ ಬೇಕಾದಷ್ಟು ದಿನ. ನಿಮ್ಮ ಮೈಗೆ ಬೇಕಾದ ದಿನದ ಲೆಕ್ಕ ನೀವೇ ಹಾಕಿಕೊಳ್ಳಬೇಕು, ಅಲ್ವಾ? ಭಾರತದಿಂದ ಚಿಲಿಯ ರಾಜಧಾನಿ ಸಾಂಟಿಯಾಗೊ ತಲುಪಿ, ಅಲ್ಲಿಂದ ಮತ್ತೆ ಮೂರೂವರೆ ಗಂಟೆ ದಕ್ಷಿಣಕ್ಕೆ ಹಾರಿ ಪುಂಟಾ ಅರೇನಸ್‌ನಲ್ಲಿ ಇಳಿಯುವಾಗ ಮನೆ ಬಿಟ್ಟು ಒಂದೂವರೆ ದಿನ ಆಗಿರುತ್ತದೆ. ಕಾಲು ಊದಿರುತ್ತದೆ, ಗಂಟಲು ಒಣಗಿರುತ್ತದೆ. ವಿಮಾನದಲ್ಲಿ ಗಂಟೆಗೊಮ್ಮೆ ಎದ್ದು ಓಡಾಡಿ, ನೀರು ಕುಡಿಯಿರಿ, ಮಾಸ್ಕ್ ಹಾಕಿಕೊಳ್ಳಿ. ಈ ಹೊತ್ತಿನಲ್ಲಿ ಅಂಟುವ ಒಂದು ನೆಗಡಿ ನಿಮ್ಮ ಆರು ತಿಂಗಳ ಶ್ರಮವನ್ನು ತಿಂದುಬಿಡಬಹುದು. ಸಾಂಟಿಯಾಗೊದಿಂದ ಹೋಗುವಾಗ ಎಡಗಡೆ ಕಿಟಕಿ ಸೀಟು ಕೇಳಿ. ಮೋಡ ಇಲ್ಲದಿದ್ದರೆ ಆಂಡಿಸ್ ಪರ್ವತ ಸಾಲು ಜೊತೆಯಲ್ಲೇ ಬರುತ್ತದೆ.

ಸಾಂಟಿಯಾಗೊದಲ್ಲಿ ಎರಡು ವಿಷಯ ಮರೆಯಬೇಡಿ. ಮೊದಲನೆಯದು, ಮುಂದಿನ ವಿಮಾನಕ್ಕೆ ಟಿಕೆಟ್ ಒಂದೇ ಆಗಿದ್ದರೂ ನಿಮ್ಮ ಬ್ಯಾಗನ್ನು ಅಲ್ಲಿ ನೀವೇ ಎತ್ತಿಕೊಂಡು, ಕಸ್ಟಮ್ಸ್ ದಾಟಿ, ಮತ್ತೆ ದೇಶದೊಳಗಿನ ವಿಮಾನಕ್ಕೆ ಹಾಕಬೇಕು. ಇದಕ್ಕೆ ಕಡಿಮೆ ಅಂದರೆ ಮೂರು ಗಂಟೆ ಬಿಡುವು ಇರುವ ಹಾಗೆ ಟಿಕೆಟ್ ಮಾಡಿಸಿ. ಎರಡನೆಯದು ತಿಂಡಿ. ಚಿಲಿಯ ಕೃಷಿ ತಪಾಸಣೆ ಬಹಳ ಕಟ್ಟುನಿಟ್ಟು. ಹಣ್ಣು, ಬೀಜ, ಕಾಳು, ಜೇನುತುಪ್ಪ, ಹಾಲಿನ ಪದಾರ್ಥ, ಮಸಾಲೆ, ಒಣಹಣ್ಣು, ಏನೇ ಇದ್ದರೂ ಅರ್ಜಿಯಲ್ಲಿ 'ಇದೆ' ಅಂತ ಬರೆದು ತೋರಿಸಿ. ತೋರಿಸಿದರೆ, ಬಿಡಬಾರದ್ದನ್ನು ಇಟ್ಟುಕೊಂಡು ಉಳಿದದ್ದನ್ನು ಬಿಡುತ್ತಾರೆ. ಬಚ್ಚಿಟ್ಟು ಸಿಕ್ಕಿಬಿದ್ದರೆ ದಂಡ. ಮನೆಯ ಚಟ್ನಿಪುಡಿ ತೆಗೆದುಕೊಂಡು ಹೋಗುವ ಆಸೆ ನನಗೆ ಅರ್ಥವಾಗುತ್ತದೆ. ಆದರೆ ಓಟದ ದಿನಕ್ಕೆ ಅದನ್ನೇ ನಂಬಿಕೊಳ್ಳಬೇಡಿ. ಓಡುವಾಗ ಶಕ್ತಿಗೆ ತಿನ್ನುವ, ಕಂಪನಿ ಪ್ಯಾಕ್ ಇರುವ ಜೆಲ್, ಎಲೆಕ್ಟ್ರೊಲೈಟ್ ಪುಡಿ ಇದ್ದರೆ ತಲೆನೋವು ಕಡಿಮೆ. ಒಳಗೆ ಬಿಡುವಾಗ ಪೊಲೀಸರು ಕೊಡುವ ಸಣ್ಣ ಚೀಟಿಯನ್ನು ಪಾಸ್‌ಪೋರ್ಟಿನಲ್ಲೇ ಇಡಿ. ಅದನ್ನು ತೋರಿಸಿ ಡಾಲರಿನಲ್ಲೋ ವಿದೇಶಿ ಕಾರ್ಡಿನಲ್ಲೋ ಹೋಟೆಲ್ ಬಿಲ್ ಕಟ್ಟಿದರೆ, ಅಲ್ಲಿನ 19% ತೆರಿಗೆ ಪ್ರವಾಸಿಗರಿಗೆ ಬಿಟ್ಟುಹೋಗುತ್ತದೆ. ಒಂದು ವಾರದ ಬಿಲ್ಲಿನಲ್ಲಿ ಅದು ಸಣ್ಣ ಮೊತ್ತ ಅಲ್ಲ.

ಈಗ ಬ್ಯಾಗಿನ ವಿಷಯ. ಇದನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ. ನಾನು ಮೊದಲ ಸಲ ಹೋದಾಗ ನನ್ನ ದೊಡ್ಡ ಬ್ಯಾಗ್ ನಡುವಿನ ಯಾವುದೋ ನಿಲ್ದಾಣದಲ್ಲಿ ಉಳಿದುಬಿಟ್ಟಿತು. ಮೂರು ದಿನ ಕಾದೆ. ಅದು ಬಂದದ್ದು ಸಾಮಾನು ತೂಕ ಹಾಕುವ ದಿನ ಬೆಳಿಗ್ಗೆ. ಆ ಮೂರು ದಿನ ನಾನು ಓಡಲಿಲ್ಲ, ಸರಿಯಾಗಿ ತಿನ್ನಲಿಲ್ಲ, ಫೋನ್ ಹಿಡಿದುಕೊಂಡೇ ಇದ್ದೆ. ಅಂದಿನಿಂದ ನನ್ನ ಓಟಗಾರರಿಗೆ ಒಂದೇ ನಿಯಮ. ಓಡುವ ಶೂ ಕಾಲಿನಲ್ಲೇ ಇರಲಿ. ಮೈಗಂಟುವ ಒಳ ಉಡುಪಿನ ಎರಡು ಜೊತೆ, ಗಾಳಿ ತಡೆಯುವ ಜಾಕೆಟ್, ಗಾಗಲ್ಸ್, ಬಾಲಾಕ್ಲಾವಾ (ತಲೆ, ಮುಖ, ಕುತ್ತಿಗೆ ಮುಚ್ಚುವ ಟೋಪಿ), ಎರಡು ಪದರದ ಕೈಗವಸು, ಓಡುವ ಸಾಕ್ಸ್, ದಿನದ ಮಾತ್ರೆ, ಇಷ್ಟೂ ಕೈಚೀಲದಲ್ಲಿ. ದಪ್ಪ ಜಾಕೆಟ್, ದಪ್ಪ ಬೂಟು ಪುಂಟಾ ಅರೇನಸ್‌ನಲ್ಲೇ ಬಾಡಿಗೆಗೆ ಸಿಗುತ್ತವೆ, ಆದರೆ ನಿಮ್ಮ ಅಳತೆಯನ್ನು ಮೊದಲೇ ಹೇಳಿಟ್ಟಿರಬೇಕು. ಊರಿನ ಉತ್ತರಕ್ಕೆ ತೆರಿಗೆ ಇಲ್ಲದ ಅಂಗಡಿಗಳ ದೊಡ್ಡ ವಲಯ ಇದೆ, ಜೋನಾ ಫ್ರಾಂಕಾ ಅನ್ನುತ್ತಾರೆ. ಕೈಗವಸು, ಉಣ್ಣೆ ಟೋಪಿ, ಚಾರ್ಜರ್ ತರಹದವು ಅಲ್ಲಿ ಸಿಗುತ್ತವೆ. ನಿಮ್ಮ ಕಾಲಿಗೆ ಒಗ್ಗಿದ ಶೂ ಮಾತ್ರ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ತಲುಪಿದ ದಿನ ಏನು ಮಾಡಬೇಕು? ನಮ್ಮಲ್ಲಿ ರಾತ್ರಿ ಎಂಟೂವರೆ ಆದಾಗ ಅಲ್ಲಿ ಮಧ್ಯಾಹ್ನ ಹನ್ನೆರಡು. ಎಂಟೂವರೆ ಗಂಟೆ ಹಿಂದೆ. ಸಂಜೆ ಐದಾರು ಗಂಟೆಗೆ ಕಣ್ಣು ತಾನಾಗಿ ಮುಚ್ಚುತ್ತದೆ, ಯಾಕೆಂದರೆ ನಿಮ್ಮ ಮೈಗೆ ಅದು ನಡುರಾತ್ರಿ. ಆಗ ಮಲಗಿದರೆ ರಾತ್ರಿ ಹನ್ನೊಂದಕ್ಕೆ ಎಚ್ಚರವಾಗಿ, ಬೆಳಗಿನ ತನಕ ಚಾವಣಿ ನೋಡುತ್ತಾ ಮಲಗಿರಬೇಕು. ಆದ್ದರಿಂದ ಸಂಜೆ ನಾಲ್ಕರಿಂದ ಏಳರ ತನಕ ಹೊರಗಿರಿ. ಡಿಸೆಂಬರ್ ಅಲ್ಲಿ ಬೇಸಿಗೆ, ಊರು ಇರುವುದು 53 ಡಿಗ್ರಿ ದಕ್ಷಿಣದಲ್ಲಿ. ರಾತ್ರಿ ಹತ್ತರ ತನಕ ಬೆಳಕಿರುತ್ತದೆ. ಆ ಬೆಳಕೇ ನಿಮಗೆ ಔಷಧ. ಮಧ್ಯಾಹ್ನ ತಡೆಯಲಾಗದಿದ್ದರೆ ಅರ್ಧ ಗಂಟೆ ಮಲಗಿ, ಅಲಾರಾಂ ಇಟ್ಟುಕೊಂಡು. ಸೂರ್ಯ ಐದರ ಸುಮಾರಿಗೇ ಹುಟ್ಟುವುದರಿಂದ ಕಣ್ಣುಪಟ್ಟಿ ಬೇಕೇ ಬೇಕು. ಈ ಕಣ್ಣುಪಟ್ಟಿ ಕಟ್ಟಿಕೊಂಡು ಮಲಗುವುದನ್ನು ಮನೆಯಿಂದಲೇ ಅಭ್ಯಾಸ ಮಾಡಿ. ಯೂನಿಯನ್ ಗ್ಲೇಸಿಯರ್‌ನಲ್ಲಿ ಆ ಹೊತ್ತಿಗೆ ಸೂರ್ಯ ಮುಳುಗುವುದೇ ಇಲ್ಲ, ಟೆಂಟಿನ ಬಟ್ಟೆಯ ಮೂಲಕ ಇಡೀ ರಾತ್ರಿ ಬೆಳಕು ಬರುತ್ತದೆ. ಅಲ್ಲಿನ ಶಿಬಿರದ ಗಡಿಯಾರವೂ ಚಿಲಿಯ ಸಮಯದಲ್ಲೇ ನಡೆಯುತ್ತದೆ. ಅಂದರೆ ಪುಂಟಾ ಅರೇನಸ್‌ನಲ್ಲಿ ನೀವು ಸರಿಮಾಡಿಕೊಂಡ ನಿದ್ದೆ ಹಾಗೇ ನಿಮ್ಮ ಜೊತೆ ಬರುತ್ತದೆ. ಐದು ದಿನ ಬೇಕು ಅಂದೆನಲ್ಲ, ಅದರಲ್ಲಿ ಮೂರು ದಿನ ಈ ನಿದ್ದೆಗೇ.

ಓಟ ಎಷ್ಟು? ಕಡಿಮೆ. ಐದು ದಿನದಲ್ಲಿ ಎರಡು ಸಲ ಅರ್ಧ ಗಂಟೆಯಿಂದ ನಲವತ್ತು ನಿಮಿಷ ನಿಧಾನದ ಓಟ, ಒಂದು ಸಲ ಇಪ್ಪತ್ತು ನಿಮಿಷದ ಓಟದ ಕೊನೆಗೆ ನಾಲ್ಕೈದು ಸಲ ಸ್ವಲ್ಪ ದೂರ ಚುರುಕು ಓಟ. ಇನ್ನು ಓಡಿದರೆ ಶಕ್ತಿ ಜಾಸ್ತಿ ಆಗುವುದಿಲ್ಲ. ಜೋರು ಓಟದ ಫಲ ಮೈಗೆ ಹತ್ತಲು ವಾರ ಹತ್ತು ದಿನ ಬೇಕು, ಅಷ್ಟು ಹೊತ್ತಿಗೆ ಓಟವೇ ಮುಗಿದಿರುತ್ತದೆ. ಒಂದು ವಾರ ಕಡಿಮೆ ಓಡಿದರೆ ಇರುವುದೂ ಹೋಗುವುದಿಲ್ಲ, ನಂಬಿ.

ಓಡಲು ಕಡಲ ದಂಡೆಯ ಕೊಸ್ಟನೆರಾ ದಾರಿ ಚೆನ್ನಾಗಿದೆ. ಒಂದು ಕಡೆ ಮೆಜೆಲ್ಲನ್ ಜಲಸಂಧಿ, ಇನ್ನೊಂದು ಕಡೆ ಊರು. ನೀರಿನಲ್ಲಿ ಮುರಿದು ನಿಂತ ಹಳೆಯ ಹಡಗುಕಟ್ಟೆಯ ಮರದ ಕಂಬಗಳ ಮೇಲೆ ನೀರುಕಾಗೆಗಳು ಸಾಲಾಗಿ ಕೂತಿರುತ್ತವೆ. ಬೀದಿನಾಯಿಗಳಿವೆ. ಅಟ್ಟಿಸಿಕೊಂಡು ಬಂದರೆ ಓಟ ನಿಲ್ಲಿಸಿ ನಡೆಯಿರಿ, ಸುಮ್ಮನಾಗುತ್ತವೆ. ಗಾಳಿಯ ಬಗ್ಗೆ ಮಾತ್ರ ಹಗುರವಾಗಿ ಯೋಚಿಸಬೇಡಿ. ಈ ಊರಿನಲ್ಲಿ ವಸಂತ, ಬೇಸಿಗೆಯಲ್ಲೇ ಗಾಳಿ ಜೋರು. ಗಂಟೆಗೆ 100 ಕಿ.ಮೀ. ದಾಟುವ ದಿನಗಳಿವೆ. ಅಂಥ ದಿನ ಊರ ನಡುವೆ ಜನ ಹಿಡಿದುಕೊಂಡು ನಡೆಯಲಿ ಅಂತ ಹಗ್ಗ ಕಟ್ಟುತ್ತಾರೆ. ಆ ದಿನ ಓಡಲೇಬೇಡಿ. ಉಳಿದ ದಿನ, ಹೋಗುವಾಗ ಗಾಳಿಗೆ ಎದುರಾಗಿ, ಬರುವಾಗ ಗಾಳಿ ಬೆನ್ನಿಗೆ ಇರುವ ಹಾಗೆ ದಾರಿ ಹಾಕಿಕೊಳ್ಳಿ. ಬೆವರಿದ ಮೈಗೆ ಎದುರುಗಾಳಿ ಬಡಿದರೆ ಎಷ್ಟು ಬೇಗ ನಡುಕ ಹತ್ತುತ್ತದೆ ಅನ್ನುವುದು ಇಲ್ಲೇ ಗೊತ್ತಾಗಲಿ. ಹಿಮದ ಮೇಲೆ ಇದೇ ಪಾಠ, ಆದರೆ ಅಲ್ಲಿ ಗಾಳಿಯ ಹೊಡೆತ ಸೇರಿದರೆ ಮೈನಸ್ 20ರ ಚಳಿ.

ಬಿಸಿಲಿಗೂ ಹೆದರಬೇಕು. ತಂಪಾಗಿದೆಯಲ್ಲ ಅಂತ ಅನ್ನಿಸುತ್ತದೆ. ಆದರೆ ಓಝೋನ್ ಪದರ ತೆಳುವಾಗುವ ಅಂಟಾರ್ಕ್ಟಿಕಾದ ಅಂಚಿಗೆ ಹತ್ತಿರದ ಊರು ಇದು. ನೇರಳಾತೀತ ಕಿರಣ ಎಷ್ಟಿದೆ ಅಂತ ಬಣ್ಣದಲ್ಲಿ ತೋರಿಸುವ ದೀಪಗಳನ್ನು ಚಿಲಿಯ ಊರುಗಳಲ್ಲಿ ನಿಲ್ಲಿಸಿದ್ದಾರೆ, ಸೊಲ್ಮಾಫೊರೊ ಅಂತ ಹೆಸರು. ಸನ್‌ಸ್ಕ್ರೀನ್ ಹಚ್ಚದೆ ಹೊರಗೆ ಹೋಗಬೇಡಿ. ಹಿಮದ ಮೇಲೆ ಹಚ್ಚುವಾಗ ಮೂಗಿನ ಕೆಳಗೆ, ಗಲ್ಲದ ಅಡಿಗೂ ಹಚ್ಚಿ. ಅಲ್ಲಿ ಬಿಸಿಲು ಕೆಳಗಿನಿಂದಲೂ ಮುಖಕ್ಕೆ ಹೊಡೆಯುತ್ತದೆ.

ಎರಡನೇ ದಿನವೋ ಮೂರನೇ ದಿನವೋ ಒಂದು ಮಧ್ಯಾಹ್ನ ಪೂರ್ತಿ ಹೋಟೆಲ್ ಕೋಣೆಯಲ್ಲಿ ಕೂತು ಎರಡು ಕೆಲಸ ಮಾಡಿ. ನೆಲದ ಮೇಲೆ ಒಂದು ಬಿಳಿ ಟವೆಲ್ ಹಾಸಿ. ಶೂ, ಶೂ ಒಳಗೆ ಹಿಮ ಹೋಗದ ಹಾಗೆ ಮೇಲೆ ಹಾಕುವ ಗೇಟರ್, ಬ್ಯಾಗಿನ ಜೇಬು, ಜಾಕೆಟ್ಟಿನ ವೆಲ್ಕ್ರೋ ಪಟ್ಟಿ ಎಲ್ಲವನ್ನೂ ಒಂದೊಂದಾಗಿ ತೆಗೆದು, ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ಚಿಮಟದಿಂದ ಕೀಳಿ. ವೆಲ್ಕ್ರೋದ ಕೊಕ್ಕೆಗಳ ನಡುವೆ ಸಾಸಿವೆಗಿಂತ ಸಣ್ಣ ಹುಲ್ಲಿನ ಬೀಜ ಕೂತಿರುತ್ತದೆ, ಬೆಳಕಿಗೆ ಹಿಡಿದರೆ ಮಾತ್ರ ಕಾಣುತ್ತದೆ. ನನ್ನ ಗೇಟರಿನಲ್ಲಿ ಒಮ್ಮೆ ಹನ್ನೊಂದು ಸಿಕ್ಕಿದವು. ಶೂ ಅಡಿಯ ಮಣ್ಣನ್ನು ತೊಳೆದು ಒಣಗಿಸಿ. ಇದು ಬರೀ ಶಾಸ್ತ್ರಕ್ಕೆ ಮಾಡುವ ಕೆಲಸ ಅಲ್ಲ. ಅಂಟಾರ್ಕ್ಟಿಕಾದ ಕಿಂಗ್ ಜಾರ್ಜ್ ದ್ವೀಪದಲ್ಲಿ ಮನುಷ್ಯರ ಜೊತೆ ಬಂದ ಹೊರಗಿನ ಹುಲ್ಲು ಬೇರೂರಿಬಿಟ್ಟಿದೆ, ಅದನ್ನು ಕಿತ್ತು ತೆಗೆಯಲು ವಿಜ್ಞಾನಿಗಳು ವರ್ಷಗಟ್ಟಲೆ ದುಡಿದಿದ್ದಾರೆ. 1991ರಲ್ಲಿ ಸಹಿಯಾದ ಪರಿಸರ ಒಪ್ಪಂದ ಇಡೀ ಖಂಡಕ್ಕೆ ರಕ್ಷಣೆ ಕೊಟ್ಟಿದೆ. ಅಲ್ಲಿ ಜೆಲ್ಲಿನ ಹರಿದ ತುದಿಯನ್ನೂ ಬಿಟ್ಟು ಬರುವಂತಿಲ್ಲ. ಮೂತ್ರಕ್ಕೂ ಗೊತ್ತುಮಾಡಿದ ಜಾಗ ಇದೆ.

ಎರಡನೇ ಕೆಲಸ ಜಿಪ್. ಪ್ರತಿ ಜಿಪ್ಪಿನ ತುದಿಗೂ ಲಾಡಿಯಷ್ಟು ದಪ್ಪದ ದಾರವನ್ನು ಕುಣಿಕೆ ಮಾಡಿ ಕಟ್ಟಿ, ಒಂದು ಬೆರಳಿನಷ್ಟು ಉದ್ದ. ಆಮೇಲೆ ಒಳಗವಸು, ಅದರ ಮೇಲೆ ನಾಲ್ಕು ಬೆರಳೂ ಒಂದೇ ಚೀಲಕ್ಕೆ ಸೇರುವ ದಪ್ಪ ಕೈಗವಸು ಹಾಕಿಕೊಂಡು, ಜಾಕೆಟ್ ಜಿಪ್ ಹಾಕಿ ತೆಗೆದು ನೋಡಿ. ಗಾಗಲ್ಸ್ ಏರಿಸಿ ಇಳಿಸಿ. ಜೆಲ್ ಪ್ಯಾಕೆಟ್ ಹಲ್ಲಿನಿಂದ ಕತ್ತರಿಸಿ ತಿನ್ನಿ. ಆಗದಿದ್ದರೆ ಅಲ್ಲೇ ಪರಿಹಾರ ಹುಡುಕಿ. ಹಿಮದ ಮೇಲೆ ಜಿಪ್ ಸಿಗಲಿಲ್ಲ ಅಂತ ಕೈಗವಸು ಕಳಚಿದ ಒಂದು ನಿಮಿಷದಲ್ಲಿ ಬೆರಳು ಮರಗಟ್ಟುತ್ತದೆ. ಜೆಲ್, ಫೋನು ಎರಡೂ ಮೈಗೆ ಹತ್ತಿರದ ಒಳಜೇಬಿನಲ್ಲಿರಬೇಕು. ಹೊರಜೇಬಿನಲ್ಲಿದ್ದರೆ ಜೆಲ್ ಅಂಟಿನ ಹಾಗೆ ಗಟ್ಟಿಯಾಗುತ್ತದೆ, ಫೋನು ಆಫ್ ಆಗುತ್ತದೆ.

ಊಟದ ವಿಷಯ ಅಷ್ಟು ಕಷ್ಟ ಇಲ್ಲ. ಅಡುಗೆಮನೆ ಇರುವ ಕೋಣೆ ಹಿಡಿಯಿರಿ. ಸೂಪರ್ ಮಾರ್ಕೆಟ್‌ನಲ್ಲಿ ಅಕ್ಕಿ, ಮಸೂರ್ ಬೇಳೆ, ಆಲೂಗಡ್ಡೆ, ಬ್ರೆಡ್, ಬೆಣ್ಣೆಹಣ್ಣು ಎಲ್ಲ ಸಿಗುತ್ತದೆ. ಹೋಟೆಲಿನಲ್ಲಿ 'ಕಾರ್ನೆ ಬೇಡ' ಅಂದರೆ ಸಾಲದು. ಅಲ್ಲಿ ಕಾರ್ನೆ ಅಂದರೆ ಸಾಮಾನ್ಯವಾಗಿ ದನದ ಮಾಂಸ, ಕೋಳಿಯೋ ಮೀನೋ ಹಾಕಿ ತಂದುಬಿಡಬಹುದು. 'ಸಿನ್ ಕಾರ್ನೆ, ಸಿನ್ ಪೊಯೊ, ಸಿನ್ ಪೆಸ್ಕಾಡೊ' ಅನ್ನಿ. ಮಾಂಸ, ಕೋಳಿ, ಮೀನು ಇಲ್ಲದೆ ಅಂತ ಅರ್ಥ. ಇಂಗ್ಲಿಷ್ ಬಲ್ಲವರು ಕಡಿಮೆ, ಕಾಗದದಲ್ಲಿ ಬರೆದಿಟ್ಟುಕೊಂಡರೆ ಒಳ್ಳೆಯದು. ಒಬ್ಬಳೇ ಅನ್ನುವ ಚಿಂತೆ ಬೇಡ. ಊರಿನ ನಡುಭಾಗ ನಡೆದೇ ಸುತ್ತುವಷ್ಟು ಸಣ್ಣದು. ಬೇರೆ ಯಾವ ಊರಿನಲ್ಲಾದರೂ ಇರುವಷ್ಟು ಎಚ್ಚರ ಇದ್ದರೆ ಸಾಕು. ಎರಡನೇ ದಿನಕ್ಕೇ ನಿಮ್ಮ ಹಾಗೆ ಕಾಯುತ್ತಿರುವ ಓಟಗಾರರು ಪರಿಚಯವಾಗುತ್ತಾರೆ.

ಇನ್ನು ನಿಮ್ಮ ನಿಜವಾದ ಭಯ, ತಡ. ಯಾಕೆ ತಡವಾಗುತ್ತದೆ ಅಂತ ತಿಳಿದರೆ ಅರ್ಧ ಭಯ ಇಳಿಯುತ್ತದೆ. ಯೂನಿಯನ್ ಗ್ಲೇಸಿಯರ್ ಇರುವುದು ಸುಮಾರು 80 ಡಿಗ್ರಿ ದಕ್ಷಿಣದಲ್ಲಿ, ಪುಂಟಾ ಅರೇನಸ್‌ನಿಂದ ಸುಮಾರು 3,000 ಕಿ.ಮೀ. ದೂರ, ನಾಲ್ಕು ಗಂಟೆಗಿಂತ ಸ್ವಲ್ಪ ಜಾಸ್ತಿ ಹಾರಾಟ. ಅಲ್ಲಿ ವಿಮಾನ ಇಳಿಯುವುದು ನೀಲಿ ಮಂಜುಗಡ್ಡೆಯ ಮೇಲೆ. ಬೆಟ್ಟದಿಂದ ಇಳಿದು ಬರುವ ಗಾಳಿ ಅಲ್ಲಿನ ಹಿಮವನ್ನೆಲ್ಲ ಗುಡಿಸಿ ಹಾಕುವುದರಿಂದಲೇ ಚಕ್ರದ ವಿಮಾನ ಇಳಿಯುವಷ್ಟು ಗಟ್ಟಿಯಾದ ಮಂಜುಗಡ್ಡೆ ತೆರೆದುಕೊಂಡಿದೆ. ಓಡುದಾರಿ ಮಾಡಿಕೊಟ್ಟ ಆ ಗಾಳಿಯೇ ಅಡ್ಡಡ್ಡ ಬೀಸಿದರೆ ವಿಮಾನ ಇಳಿಯುವಂತಿಲ್ಲ. ಮೋಡ ಕವಿದು ನೆಲ, ಆಕಾಶ ಒಂದೇ ಬಿಳಿಯಾದರೂ ಇಳಿಯುವಂತಿಲ್ಲ. ಹಾಗಾಗಿ ತಡ ಅಂದರೆ ಯಾರದೋ ಬೇಜವಾಬ್ದಾರಿ ಅಲ್ಲ, ನಿಮ್ಮ ಜೀವ ಕಾಯುವ ನಿರ್ಧಾರ. ಪುಂಟಾ ಅರೇನಸ್‌ನಲ್ಲಿ ಬಿಸಿಲು ಹೊಳೆಯುತ್ತಿದ್ದರೂ ಅಲ್ಲಿ ಗಾಳಿ ಇರಬಹುದು. ಕಿಟಕಿಯಿಂದ ಆಕಾಶ ನೋಡಿ ಬೇಸರ ಮಾಡಿಕೊಳ್ಳಬೇಡಿ.

ಇಲ್ಲಿ ಕಾಯುವುದು ಹೊಸದೂ ಅಲ್ಲ. 1916ರಲ್ಲಿ ಅಂಟಾರ್ಕ್ಟಿಕಾ ಅನ್ವೇಷಕ ಶ್ಯಾಕಲ್ಟನ್, ಆ ಖಂಡದ ಅಂಚಿನ ಎಲಿಫೆಂಟ್ ದ್ವೀಪದಲ್ಲಿ ಸಿಕ್ಕಿಕೊಂಡಿದ್ದ ತನ್ನ 22 ಜನರನ್ನು ಕರೆತರಲು ಮೂರು ಸಲ ಹೊರಟು, ಮೂರು ಸಲವೂ ಮಂಜುಗಡ್ಡೆಯಿಂದಾಗಿ ವಾಪಸಾಗಿದ್ದ. ನಾಲ್ಕನೇ ಸಲ ಈ ಪುಂಟಾ ಅರೇನಸ್‌ನಿಂದಲೇ ಹೊರಟ ಯೆಲ್ಚೊ ಅನ್ನುವ ಚಿಲಿಯ ಪುಟ್ಟ ಹಡಗು, ಲೂಯಿಸ್ ಪಾರ್ಡೊ ಅನ್ನುವ ನಾವಿಕನ ಕೈಯಲ್ಲಿ, ಆಗಸ್ಟ್ 30ರಂದು ಎಲ್ಲರನ್ನೂ ಹತ್ತಿಸಿಕೊಂಡಿತು. ಕಾಯುವ ದಿನ ದಂಡೆಯಲ್ಲಿ ನಡೆಯುವಾಗ ನಾನು ಇದನ್ನು ನೆನೆಯುತ್ತೇನೆ. ನಿಜವಾಗಿ ಧೈರ್ಯ ಬರುತ್ತದೆ.

ತಡವಾದ ದಿನಗಳಲ್ಲಿ ಓಟಗಾರರು ಮಾಡುವ ದೊಡ್ಡ ತಪ್ಪು ಊಟದ್ದು. ನಾಳೆ ಓಟ ಅಂತ ಹೊಟ್ಟೆ ಬಿರಿಯುವಷ್ಟು ಅನ್ನ, ಪಾಸ್ತಾ ತಿನ್ನುತ್ತಾರೆ. ವಿಮಾನ ಹೋಗುವುದಿಲ್ಲ. ಮರುದಿನ ಮತ್ತೆ ತಿನ್ನುತ್ತಾರೆ. ಮೂರು ದಿನಕ್ಕೆ ಮೈ ಭಾರ, ಹೊಟ್ಟೆ ಕೆಟ್ಟಿರುತ್ತದೆ. ನೀವು ದಿನವೂ ಮಾಮೂಲಿ ಊಟಕ್ಕೆ ಒಂದು ಹಿಡಿ ಅನ್ನವೋ ಒಂದು ಆಲೂಗಡ್ಡೆಯೋ ಜಾಸ್ತಿ ಸೇರಿಸಿ, ಅಷ್ಟೇ. ಹಿಮದ ಮೇಲೆ ಇಳಿದ ಮೇಲೂ ಸಾಮಾನ್ಯವಾಗಿ ಓಟಕ್ಕೆ ಒಂದು ದಿನವಾದರೂ ಇರುತ್ತದೆ, ಶಿಬಿರದಲ್ಲಿ ಬಿಸಿ ಊಟ ಹಾಕುತ್ತಾರೆ. ಸಸ್ಯಾಹಾರಿ ಅಂತ ಮೊದಲೇ ಬರೆದು ತಿಳಿಸಿ.

ಕರೆ ಬರಬಹುದಾದ ದಿನಗಳಲ್ಲಿ ಊರು ಬಿಟ್ಟು ಹೋಗಬೇಡಿ. ಟೊರೆಸ್ ಡೆಲ್ ಪೈನೆ ಅನ್ನುವ ಬೆಟ್ಟಗಳ ರಾಷ್ಟ್ರೀಯ ಉದ್ಯಾನ ಹತ್ತಿರ ಇದೆಯಲ್ಲ ಅಂತ ಯಾರಾದರೂ ಕರೆಯುತ್ತಾರೆ. ಹೋಗಲು ಒಂದು ಕಡೆಗೇ ಐದು ಗಂಟೆ ಬೇಕು. ಮಗ್ದಲೇನಾ ದ್ವೀಪದ ಪೆಂಗ್ವಿನ್ ನೋಡುವ ದೋಣಿಯನ್ನು ಮೊದಲ ದಿನಗಳಲ್ಲಿ ಹತ್ತಿ, ಇಲ್ಲವೇ ಓಟ ಮುಗಿದ ಮೇಲೆ. ಯೂನಿಯನ್ ಗ್ಲೇಸಿಯರ್ ಕಡಲಿನಿಂದ ತುಂಬಾ ಒಳಗೆ ಇರುವುದರಿಂದ ಅಲ್ಲಿ ಒಂದು ಪೆಂಗ್ವಿನ್ನೂ ಕಾಣುವುದಿಲ್ಲ. ಕಾಯುವ ದಿನಕ್ಕೆ ಊರಿನ ಮುಖ್ಯ ಚೌಕವೇ ಸಾಕು. ಅಲ್ಲಿ 1920ರಲ್ಲಿ ನಿಲ್ಲಿಸಿದ, ಜಲಸಂಧಿಗೆ ಹೆಸರು ಕೊಟ್ಟ ನಾವಿಕ ಮೆಜೆಲ್ಲನ್ ಪ್ರತಿಮೆ ಇದೆ. ಅದರ ಕೆಳಗೆ ಮೂಲನಿವಾಸಿಯೊಬ್ಬನ ಮೂರ್ತಿ ಕಾಲು ಇಳಿಬಿಟ್ಟು ಕೂತಿದೆ. ಮೈಯೆಲ್ಲ ಕಪ್ಪಗಿದ್ದರೂ ಕಾಲಿನ ತುದಿ ಮಾತ್ರ ಹೊಸ ಹಿತ್ತಾಳೆ ಚೊಂಬಿನ ಹಾಗೆ ಮಿನುಗುತ್ತದೆ. ಮುಟ್ಟಿದವರು ಮತ್ತೆ ಈ ಊರಿಗೆ ಬರುತ್ತಾರೆ ಅನ್ನುವ ನಂಬಿಕೆಯಿಂದ ಎಲ್ಲರೂ ಮುಟ್ಟಿ ಮುಟ್ಟಿ ಹಾಗಾಗಿದೆ. ನಾನೂ ಮುಟ್ಟಿದ್ದೆ, ಮತ್ತೆ ಹೋದೆ.

ವಾಪಸ್ ಟಿಕೆಟ್ಟಿನ ತಾರೀಖು ಬದಲಿಸಲು ಬರುವಂಥದ್ದನ್ನೇ ಕೊಳ್ಳಿ. ಓಟ ಮುಗಿಯಬೇಕಾದ ದಿನದ ಮೇಲೆ ಒಂದು ವಾರ ಬಿಡುವು ಇಟ್ಟುಕೊಳ್ಳಿ, ಬರುವಾಗಲೂ ಅದೇ ಗಾಳಿ ತಾನೇ. ವಿಮೆಯಲ್ಲಿ ಅಂಟಾರ್ಕ್ಟಿಕಾದಿಂದ ರೋಗಿಯನ್ನು ವಿಮಾನದಲ್ಲಿ ಕರೆತರುವ ಖರ್ಚು ಸೇರಿದೆಯಾ ಅಂತ ಓದಿ ನೋಡಿ. ಜ್ವರವೋ ಎದೆ ಕಟ್ಟಿದ್ದೋ ಇದ್ದರೆ ಹೊರಡುವ ಮುಂಚೆ ಆಯೋಜಕರ ವೈದ್ಯರಿಗೆ ಹೇಳಿಬಿಡಿ. ಮುಚ್ಚಿಟ್ಟು ಹೋಗಬೇಡಿ. ಅಲ್ಲಿ ಹೆಚ್ಚಾದರೆ ಆಸ್ಪತ್ರೆ ಸೇರಲು ಹವಾಮಾನದ ಅಪ್ಪಣೆ ಬೇಕು.

ಕರೆ ಬಂದಾಗ ಕೆಲವೇ ಗಂಟೆ ಇರುತ್ತದೆ. ಬಟ್ಟೆಯ ಪದರಗಳನ್ನು ಹಾಕುವ ಕ್ರಮದಲ್ಲೇ ಕುರ್ಚಿಯ ಮೇಲೆ ಜೋಡಿಸಿಟ್ಟಿರಿ. ಒಗ್ಗಿದ ಊಟ ಮಾಡಿ, ಶೌಚಾಲಯಕ್ಕೆ ಹೋಗಿ ಬಂದು, ಹಿಮದ ಬಟ್ಟೆಯಲ್ಲೇ ವಿಮಾನ ಹತ್ತಬೇಕು. ಇಳಿದು ಕಾಲಿಡುವುದೇ ಮಂಜುಗಡ್ಡೆಯ ಮೇಲೆ. ಅದು ನೆಲಕ್ಕೆ ಎಣ್ಣೆ ಸುರಿದ ಹಾಗೆ ಜಾರುತ್ತದೆ, ಪಾದ ಪೂರ್ತಿ ಊರಿ ಸಣ್ಣ ಸಣ್ಣ ಹೆಜ್ಜೆ ಇಡಿ. ಕಪ್ಪು ಕನ್ನಡಕವನ್ನು ಬ್ಯಾಗಿನೊಳಗೆ ಇಡಬೇಡಿ, ವಿಮಾನ ಇಳಿಯುವ ಮೊದಲೇ ಹಾಕಿಕೊಂಡಿರಿ. ಬಾಗಿಲು ತೆರೆದ ಕೂಡಲೇ ಬೆಳಕು ಕಣ್ಣಿಗೆ ಹೊಡೆಯುತ್ತದೆ.